ಕ್ಯಾಪ್ಸೂಲ್ ಎಂಡೋಸ್ಕೋಪಿ: ಕ್ಯಾಮೆರಾ ನುಂಗುವ ಮೊದಲು, ನುಂಗಿದ ಮೇಲೆ

ಹಿಮೋಗ್ಲೋಬಿನ್ 7ಕ್ಕೆ ಇಳಿದಿದೆ. ಕಬ್ಬಿಣಾಂಶದ ಮಾತ್ರೆ ತಗೊಂಡರೆ ಏರುತ್ತದೆ, ಬಿಟ್ಟರೆ ಮತ್ತೆ ಇಳಿಯುತ್ತದೆ. ಬಾಯಿಂದ ಪೈಪ್ ಹಾಕಿ ಎಂಡೋಸ್ಕೋಪಿ ಮಾಡಿದರು, ಏನೂ ಸಿಗಲಿಲ್ಲ. ಕೆಳಗಿನಿಂದ ಕೊಲೊನೋಸ್ಕೋಪಿ ಮಾಡಿದರು, ಅಲ್ಲೂ ಏನಿಲ್ಲ. ಹಾಗಾದರೆ ರಕ್ತ ಎಲ್ಲಿ ಹೋಗುತ್ತಿದೆ? ಈ ಹಂತಕ್ಕೆ ಬಂದಾಗ ಗ್ಯಾಸ್ಟ್ರೋ ಡಾಕ್ಟರ್ ಸಾಮಾನ್ಯವಾಗಿ ಹೇಳುವ ಮುಂದಿನ ಪರೀಕ್ಷೆಯೇ ಕ್ಯಾಪ್ಸೂಲ್ ಎಂಡೋಸ್ಕೋಪಿ.

ಮಾತ್ರೆಯ ಆಕಾರದ ಪುಟ್ಟ ಕ್ಯಾಮೆರಾ ನುಂಗುತ್ತೀರಿ. ಅದು ಕರುಳಿನ ಉದ್ದಕ್ಕೂ ಫೋಟೋ ತೆಗೆಯುತ್ತಾ ಹೋಗಿ ಕೊನೆಗೆ ಮಲದ ಜೊತೆ ಹೊರಗೆ ಬರುತ್ತದೆ. ನೋವಿಲ್ಲ, ಮಂಪರು ಬರಿಸುವ ಇಂಜೆಕ್ಷನ್ ಇಲ್ಲ, ಅಡ್ಮಿಟ್ ಆಗಬೇಕಾಗಿಯೂ ಇಲ್ಲ. ಕೇಳಲು ಇಷ್ಟೇ. ಆದರೆ ಇದಕ್ಕೆ ಖರ್ಚು ಜಾಸ್ತಿ. ಸರಿಯಾಗಿ ತಯಾರಾಗದೆ ಹೋದರೆ ಚಿತ್ರ ಹಿಡಿದುಕೊಳ್ಳುವ ಬೆಲ್ಟನ್ನು ಎಂಟು ಗಂಟೆ ಕಟ್ಟಿಕೊಂಡು ಕೂತದ್ದೂ ದಂಡ, ದುಡ್ಡೂ ದಂಡ. ಪರೀಕ್ಷೆ ಎಷ್ಟು ಚೆನ್ನಾಗಿ ಆಗುತ್ತದೆ ಅನ್ನುವುದು ಅರ್ಧ ನಿಮ್ಮ ಕೈಯಲ್ಲೇ ಇದೆ.

ಮೊದಲು ಕೇಳಿಕೊಳ್ಳಿ: ನನಗೆ ಇದೇ ಪರೀಕ್ಷೆ ಬೇಕಾ?

ಬಾಯಿಂದ ಹೋಗುವ ಪೈಪ್ ಅನ್ನನಾಳ, ಜಠರ ನೋಡಿಕೊಂಡು ಸಣ್ಣ ಕರುಳಿನ ಬಾಗಿಲವರೆಗೆ ಹೋಗುತ್ತದೆ. ಕೆಳಗಿನಿಂದ ಹೋಗುವ ಪೈಪ್ ದೊಡ್ಡ ಕರುಳನ್ನು ಪೂರ್ತಿ ನೋಡಿ, ಸಣ್ಣ ಕರುಳಿನ ಕೊನೆಯ ತುದಿಗೆ ಇಣುಕಿ ನೋಡುತ್ತದೆ. ಮಧ್ಯೆ ಉಳಿಯುವುದು ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳು. ಕ್ಯಾಪ್ಸೂಲ್ ಹುಟ್ಟಿದ್ದೇ ಈ ನಡುವಿನ ದಾರಿ ನೋಡುವುದಕ್ಕೆ.

ಹಾಗಾಗಿ ಎದೆಯುರಿ, ಹುಳಿತೇಗು, ಗ್ಯಾಸ್ ಇದಕ್ಕೆಲ್ಲ ಕ್ಯಾಪ್ಸೂಲ್ ಬೇಡ. ಪೈಪ್ ಅಂದರೆ ಭಯ, ಅದರ ಬದಲು ಕ್ಯಾಪ್ಸೂಲ್ ಕೊಡಿ ಅಂತ ಕೇಳುವವರು ಬಹಳ ಜನ ಇದ್ದಾರೆ. ಭಯ ಅರ್ಥವಾಗುತ್ತದೆ. ಆದರೆ ಸಣ್ಣ ಕರುಳಿನ ಕ್ಯಾಪ್ಸೂಲ್ ದೊಡ್ಡ ಜಠರದ ಒಳಗೆ ಸುಮ್ನೆ ಉರುಳಾಡಿಕೊಂಡು ಹೋಗುತ್ತದೆ. ಯಾವ ಮೂಲೆ ನೋಡಿತು, ಯಾವುದು ಬಿಟ್ಟಿತು ಅಂತ ಹೇಳಲು ಬರುವುದಿಲ್ಲ. ಅಲ್ಲಿ ಪೈಪೇ ಸರಿ.

ಇದು ನಿಜವಾಗಿ ಉಪಯೋಗಕ್ಕೆ ಬರುವುದು ಇಂಥವರಿಗೆ: ಎರಡೂ ಎಂಡೋಸ್ಕೋಪಿ ಆದಮೇಲೂ ಕಾರಣ ಸಿಗದ ರಕ್ತಸ್ರಾವ ಅಥವಾ ಕಬ್ಬಿಣದ ಕೊರತೆಯ ರಕ್ತಹೀನತೆ ಇರುವವರು, ಸಣ್ಣ ಕರುಳಿನಲ್ಲಿ ಊತ, ಹುಣ್ಣು ತರುವ ಕ್ರೋನ್ಸ್ ಕಾಯಿಲೆಯ ಅನುಮಾನ ಇರುವವರು, ಕರುಳಿನಲ್ಲಿ ಗಂಟುಗಳು ಬೆಳೆಯುವ ವಂಶಪಾರಂಪರ್ಯದ ಕಾಯಿಲೆ ಇರುವವರು, ಸಣ್ಣ ಕರುಳಿನ ಗಡ್ಡೆಯ ಸಂಶಯ ಇರುವವರು. ಗೋಧಿಯ ಅಂಶ ಒಗ್ಗದ ಸೀಲಿಯಾಕ್ ಕಾಯಿಲೆಯಲ್ಲೂ ಕೆಲವೊಮ್ಮೆ ಮಾಡಿಸುತ್ತಾರೆ.

ಒಂದು ಮಾತು, ವಿಶೇಷವಾಗಿ ಹೊಲ-ತೋಟದಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರಿಗೆ. ಕ್ಯಾಪ್ಸೂಲ್ ನುಂಗಿಸಿ ನೋಡಿದರೆ ಒಳಗೆ ಕೊಕ್ಕೆಹುಳು ಕರುಳನ್ನು ಕಚ್ಚಿಕೊಂಡು ರಕ್ತ ಹೀರುತ್ತಾ ಕೂತಿರುವುದು ಕಂಡ ಉದಾಹರಣೆಗಳು ನಮ್ಮ ದೇಶದಲ್ಲೇ ಇವೆ. ಅಷ್ಟು ದೊಡ್ಡ ಪರೀಕ್ಷೆಗೆ ಹೋಗುವ ಮೊದಲು ಮಲ ಪರೀಕ್ಷೆ ಆಗಿದೆಯಾ, ಜಂತುಹುಳದ ಮಾತ್ರೆ ತಗೊಂಡಿದ್ದೀರಾ ಅಂತ ಒಮ್ಮೆ ಡಾಕ್ಟರನ್ನು ಕೇಳಿ. ಹೆಂಗಸರಾದರೆ ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿದೆಯಾ ಅನ್ನುವುದನ್ನೂ ಮುಚ್ಚಿಡದೆ ಹೇಳಿ.

ರಕ್ತ ಕಣ್ಣಿಗೆ ಕಾಣುವ ಹಾಗೆ ಹೋಗುತ್ತಿದ್ದರೆ, ಅಂದರೆ ಮಲ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಬರುತ್ತಿದ್ದರೆ ತಡ ಮಾಡಬೇಡಿ. ರಕ್ತ ಹೋದ ಒಂದೆರಡು ದಿನದಲ್ಲೇ ಕ್ಯಾಪ್ಸೂಲ್ ನುಂಗಿದರೆ ಜಾಗ ಸಿಗುವ ಸಾಧ್ಯತೆ ಜಾಸ್ತಿ. ಹಬ್ಬ ಮುಗಿಯಲಿ, ಮದುವೆ ಮುಗಿಯಲಿ ಅಂತ ಮುಂದೂಡಿದರೆ ಅಷ್ಟರಲ್ಲಿ ರಕ್ತ ನಿಂತಿರುತ್ತದೆ, ಕ್ಯಾಮೆರಾಗೆ ಕಾಣಲು ಏನೂ ಉಳಿದಿರುವುದಿಲ್ಲ.

ಡಾಕ್ಟರ್ ಕೇಳದಿದ್ದರೂ ಹೇಳಬೇಕಾದ ಸಂಗತಿಗಳು

ಈ ಪರೀಕ್ಷೆಯಲ್ಲಿ ಅಪಾಯ ಅಂತ ಇರುವುದು ಮುಖ್ಯವಾಗಿ ಒಂದೇ. ಕ್ಯಾಪ್ಸೂಲ್ ಒಳಗೇ ಸಿಕ್ಕಿಕೊಳ್ಳುವುದು. ಎರಡು ವಾರ ಕಳೆದರೂ ಹೊರಗೆ ಬರದಿದ್ದರೆ ಸಿಕ್ಕಿಕೊಂಡಿದೆ ಅಂತ ಲೆಕ್ಕ. ಒಟ್ಟಾರೆ ನೋಡಿದರೆ ನೂರರಲ್ಲಿ ಒಬ್ಬಿಬ್ಬರಿಗೆ ಹೀಗಾಗುತ್ತದೆ. ಆದರೆ ಕ್ರೋನ್ಸ್ ಕಾಯಿಲೆ ಇದೆ ಅಂತ ಮೊದಲೇ ಗೊತ್ತಿರುವವರಲ್ಲಿ, ಕರುಳು ಕಿರಿದಾಗಿರುವವರಲ್ಲಿ ಈ ಲೆಕ್ಕ ಏರುತ್ತದೆ.

ನಮ್ಮ ಕಡೆ ಕರುಳು ಕಿರಿದಾಗಲು ಇನ್ನೊಂದು ದೊಡ್ಡ ಕಾರಣ ಇದೆ: ಕರುಳಿನ ಟಿಬಿ. ವರ್ಷಗಳ ಹಿಂದೆ ಬಂದು ಔಷಧಿ ತಗೊಂಡು ವಾಸಿಯಾದ ಟಿಬಿಯೂ ಕರುಳಿನಲ್ಲಿ ಗಾಯದ ಕಲೆ ಬಿಟ್ಟು ದಾರಿಯನ್ನು ಬಿಗಿ ಮಾಡಿರಬಹುದು. ಮನೆಯಲ್ಲಿ ಟಿಬಿ ಅನ್ನುವ ಹೆಸರು ಎತ್ತಲು ಹಿಂಜರಿಯುವವರು ಈಗಲೂ ಇದ್ದಾರೆ. ಇಲ್ಲಿ ಮಾತ್ರ ಹಿಂಜರಿಯಬೇಡಿ.

ಎರಡನೆಯದು ಮಂಡಿನೋವು, ಸೊಂಟನೋವಿನ ಮಾತ್ರೆ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಸಣ್ಣ ಕರುಳಿನಲ್ಲಿ ಹುಣ್ಣು ಮಾಡುತ್ತವೆ. ಬಹಳ ಕಾಲ ತಗೊಂಡರೆ ಕರುಳಿನೊಳಗೆ ಪರದೆಯಂಥ ಬಿಗಿತವನ್ನೂ ತರುತ್ತವೆ. ‘ಏನಾದರೂ ಮಾತ್ರೆ ತಗೊಳ್ತೀರಾ’ ಅಂತ ಕೇಳಿದರೆ ‘ಬಿಪಿದು ಒಂದೇ ಡಾಕ್ಟ್ರೇ’ ಅನ್ನುವ ನಮ್ಮ ಹಿರಿಯರು, ಸೊಂಟದ ಚೀಲದಲ್ಲಿರುವ ನೋವಿನ ಮಾತ್ರೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ! ಕ್ರೋನ್ಸ್ ಅನುಮಾನದಿಂದ ಪರೀಕ್ಷೆ ಮಾಡಿಸುವುದಾದರೆ ಇಂಥ ಮಾತ್ರೆಗಳನ್ನು ಒಂದು ತಿಂಗಳು ಮೊದಲೇ ನಿಲ್ಲಿಸಲು ಹೇಳುತ್ತಾರೆ. ಇಲ್ಲವಾದರೆ ಕಂಡ ಹುಣ್ಣು ಕಾಯಿಲೆಯದೋ ಮಾತ್ರೆಯದೋ ಗೊತ್ತಾಗುವುದಿಲ್ಲ. ಎಷ್ಟೋ ಸಲ ಆ ಮಾತ್ರೆಯೇ ಕಳ್ಳ.

ಊಟ ಆದ ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಂಡಿ, ಉಬ್ಬಿ, ಗುಳುಗುಳು ಸದ್ದಾಗಿ ಆಮೇಲೆ ಸರಿಹೋಗುತ್ತದೆಯಾ? ಇದು ಕರುಳು ಬಿಗಿದಿರುವ ಸೂಚನೆ ಆಗಿರಬಹುದು. ಹಿಂದೆ ಹೊಟ್ಟೆಯ ಆಪರೇಷನ್ ಆಗಿದ್ದರೆ, ಹೊಟ್ಟೆಯ ಭಾಗಕ್ಕೆ ರೇಡಿಯೇಷನ್ ಕೊಟ್ಟಿದ್ದರೆ ಅದನ್ನೂ ಹೇಳಿ. ಇಂಥವರಿಗೆ ಮೊದಲು ಸಿಟಿ ಅಥವಾ ಎಂಆರ್ ಎಂಟೆರೋಗ್ರಫಿ, ಅಂದರೆ ಸಣ್ಣ ಕರುಳಿನ ಸ್ಕ್ಯಾನ್ ಮಾಡುತ್ತಾರೆ. ಇಲ್ಲವೇ ಪೇಟೆನ್ಸಿ ಕ್ಯಾಪ್ಸೂಲ್ ಅನ್ನುವ ಡಮ್ಮಿ ನುಂಗಿಸುತ್ತಾರೆ. ಅಳತೆ ಅದೇ, ಒಳಗೆ ಕ್ಯಾಮೆರಾ ಇಲ್ಲ. ಲ್ಯಾಕ್ಟೋಸ್‌ನಿಂದ ಮಾಡಿದ್ದು. ದಾರಿ ಇದ್ದರೆ ಇಡಿಯಾಗಿ ಹೊರಗೆ ಬರುತ್ತದೆ, ಸಿಕ್ಕಿಕೊಂಡರೆ ಸುಮಾರು 30 ಗಂಟೆ ಆದಮೇಲೆ ತಾನಾಗಿ ಕರಗತೊಡಗುತ್ತದೆ. ಆದರೆ ಇದು ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ.

ಉಳಿದದ್ದು ಚುಟುಕಾಗಿ. ಪೇಸ್‌ಮೇಕರ್ ಇದ್ದರೆ ತಿಳಿಸಿ. ಈಗ ಬಹುತೇಕ ತೊಂದರೆಯಿಲ್ಲ ಅಂತ ಮಾಡುತ್ತಾರೆ, ಆದರೂ ಅವರಿಗೆ ಗೊತ್ತಿರಬೇಕು. ಗರ್ಭಿಣಿಯರಿಗೆ ಸಾಮಾನ್ಯವಾಗಿ ಮಾಡುವುದಿಲ್ಲ. ನುಂಗಲು ಕಷ್ಟ ಇರುವವರಿಗೆ, ಪುಟ್ಟ ಮಕ್ಕಳಿಗೆ ಎಂಡೋಸ್ಕೋಪ್‌ನ ತುದಿಗೆ ಕ್ಯಾಪ್ಸೂಲ್ ಸಿಕ್ಕಿಸಿ ಒಳಗೆ ಬಿಟ್ಟು ಬರುತ್ತಾರೆ. ತುಂಬ ವರ್ಷದ ಸಕ್ಕರೆ ಕಾಯಿಲೆ ಇದ್ದರೆ ಜಠರ ನಿಧಾನವಾಗಿ ಖಾಲಿಯಾಗುತ್ತದೆ, ತೂಕ ಇಳಿಸುವ ಸೆಮಾಗ್ಲುಟೈಡ್ ಜಾತಿಯ ಔಷಧಿಯಿಂದಲೂ ಹಾಗಾಗುತ್ತದೆ. ಎರಡನ್ನೂ ಹೇಳಿ.

ದುಡ್ಡಿನ ಮಾತು

ಕ್ಯಾಪ್ಸೂಲ್ ಒಬ್ಬರಿಗೆ ಒಂದೇ ಸಲ. ತೊಳೆದು ಮತ್ತೆ ಬಳಸುವಂಥದ್ದಲ್ಲ. ಬಿಲ್ಲಿನ ದೊಡ್ಡ ಪಾಲು ಅದರದ್ದೇ, ಒಟ್ಟು ಹತ್ತಾರು ಸಾವಿರ ರೂಪಾಯಿ ಆಗುತ್ತದೆ. ಆರೋಗ್ಯ ವಿಮೆ ಇದೆಯಲ್ಲ ಅಂತ ನಿಶ್ಚಿಂತೆಯಿಂದ ಇರಬೇಡಿ. ಬರೀ ಪರೀಕ್ಷೆಗಾಗಿ ಅಡ್ಮಿಟ್ ಆದರೆ ಆ ಖರ್ಚು ಕೊಡುವುದಿಲ್ಲ ಅನ್ನುವ ಷರತ್ತು ವಿಮಾ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐ ರೂಪಿಸಿದ ಪಾಲಿಸಿ ನಿಯಮಗಳಲ್ಲೇ ಇದೆ. ಹೊರರೋಗಿ ಪರೀಕ್ಷೆಗೆ ನಿಮ್ಮ ಪಾಲಿಸಿ ದುಡ್ಡು ಕೊಡುತ್ತದೆಯಾ, ಅಥವಾ ರಕ್ತಹೀನತೆಗೆ ಚಿಕಿತ್ಸೆ ಪಡೆಯುತ್ತಾ ಆಸ್ಪತ್ರೆಯಲ್ಲಿರುವಾಗ ಇದು ಆದರೆ ಹೇಗೆ ಅಂತ ಮೊದಲೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಕೇಳುವಾಗ ಕ್ಯಾಪ್ಸೂಲ್, ಚಿತ್ರ ಸಂಗ್ರಹಿಸುವ ರೆಕಾರ್ಡರ್ ಬಾಡಿಗೆ, ವಿಡಿಯೋ ಓದುವ ಫೀಸು ಎಲ್ಲ ಸೇರಿ ಎಷ್ಟು ಅಂತ ಕೇಳಬೇಕು.

ಹಿಂದಿನ ವಾರ, ಹಿಂದಿನ ದಿನ

ಕಬ್ಬಿಣಾಂಶದ ಮಾತ್ರೆ, ಟಾನಿಕ್ ಸಾಮಾನ್ಯವಾಗಿ ಒಂದು ವಾರ ಮೊದಲೇ ನಿಲ್ಲಿಸುತ್ತಾರೆ. ಅದು ಮಲವನ್ನು ಕಪ್ಪಾಗಿಸಿ ಕರುಳಿಗೆ ಮೆತ್ತಿಕೊಳ್ಳುತ್ತದೆ, ಕ್ಯಾಮೆರಾಗೆ ಕಪ್ಪು ಬಿಟ್ಟರೆ ಬೇರೆ ಕಾಣುವುದಿಲ್ಲ. ಹೊಟ್ಟೆ ಹುಣ್ಣಿಗೆ ಕುಡಿಯುವ ಸುಕ್ರಾಲ್ಫೇಟ್ ಔಷಧಿಯೂ ಹಾಗೇ ಲೇಪ ಹಚ್ಚುತ್ತದೆ, ಕೇಳಿ ನಿಲ್ಲಿಸಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ತಾವಾಗಿ ನಿಲ್ಲಿಸಬಾರದು. ಇಲ್ಲಿ ಕತ್ತರಿಸುವ ಕೆಲಸ ಏನೂ ಇಲ್ಲ, ಸಾಮಾನ್ಯವಾಗಿ ನಿಲ್ಲಿಸುವ ಅಗತ್ಯವೇ ಬರುವುದಿಲ್ಲ.

ಹಿಂದಿನ ದಿನ ಊಟದ ವಿಷಯದಲ್ಲಿ ಆಸ್ಪತ್ರೆಯ ಚೀಟಿಯಲ್ಲಿ ‘ಲಘು ಆಹಾರ’, ‘ತಿಳಿ ದ್ರವ’ ಅಂತಷ್ಟೇ ಬರೆದಿರುತ್ತಾರೆ. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ: ರಾಗಿಮುದ್ದೆ, ಅಂಬಲಿ, ಸೊಪ್ಪಿನ ಸಾರು, ಕಾಳು, ಹಸಿ ತರಕಾರಿ, ಬೀಜವಿರುವ ಸೀಬೆ-ದಾಳಿಂಬೆ ಯಾವುದೂ ಬೇಡ. ಬೆಳಗ್ಗೆ ಇಡ್ಲಿ ಅಥವಾ ಮೆತ್ತಗಿನ ಅನ್ನ ಸ್ವಲ್ಪ ತಿನ್ನಬಹುದು. ಮಧ್ಯಾಹ್ನದಿಂದ ಸೋಸಿದ ತಿಳಿಸಾರು, ಗಂಜಿಯ ತಿಳಿ, ಎಳನೀರು, ನಿಂಬೆ ಶರಬತ್ತು, ಹಾಲು ಹಾಕದ ಟೀ. ಮಜ್ಜಿಗೆ ನೀರಾಗಿದ್ದರೂ ತಿಳಿ ದ್ರವ ಅಲ್ಲ. ಬೀಟ್‌ರೂಟ್, ಕೆಂಪು ಬಣ್ಣದ ಶರಬತ್ತು ದೂರವಿಡಿ. ಒಳಗೆ ಕೆಂಪು ಕಂಡರೆ ರಕ್ತವೋ ಶರಬತ್ತೋ ಅನ್ನುವ ಗೊಂದಲ ಯಾಕೆ ಬೇಕು?

ಸಂಜೆ ಹೊಟ್ಟೆ ತೊಳೆಯುವ ಪುಡಿ. ಎರಡು ಲೀಟರ್ ನೀರಿಗೆ ಕಲಸಿ, ಗಂಟೆ ಎರಡು ಗಂಟೆಯಲ್ಲಿ ಲೋಟ ಲೋಟ ಕುಡಿದು ಮುಗಿಸಬೇಕು. ರುಚಿ ಚೆನ್ನಾಗಿಲ್ಲ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿ, ಬೇಕಾದರೆ ನಿಂಬೆರಸ ಹಿಂಡಿಕೊಂಡರೆ ಇಳಿಯುತ್ತದೆ. ಅರ್ಧಕ್ಕೆ ಬಿಟ್ಟು ‘ಚೆನ್ನಾಗಿ ಹೋಯ್ತಲ್ಲ, ಸಾಕು’ ಅನ್ನಬೇಡಿ. ಸಣ್ಣ ಕರುಳಿನ ಕೊನೆಯ ಭಾಗದಲ್ಲೇ ಕೊಳೆ ಜಾಸ್ತಿ ಉಳಿಯುವುದು, ಕ್ರೋನ್ಸ್ ಮತ್ತು ಟಿಬಿ ಎರಡಕ್ಕೂ ಮೆಚ್ಚಿನ ಜಾಗ ಅದೇ. ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು ಈ ಪುಡಿಯ ಬಗ್ಗೆ ಡಾಕ್ಟರ್ ಹತ್ತಿರ ಬೇರೆಯಾಗಿ ಮಾತಾಡಬೇಕು. ಆಮೇಲೆ ನುಂಗುವವರೆಗೆ ಸುಮಾರು 10-12 ಗಂಟೆ ಉಪವಾಸ. ಸಕ್ಕರೆ ಮಾತ್ರೆ, ಇನ್ಸುಲಿನ್ ಅಂದು ಬೆಳಗ್ಗೆ ಎಷ್ಟು, ಯಾವಾಗ ಅಂತ ಬರೆಸಿಕೊಂಡು ಬನ್ನಿ.

ನುಂಗುವ ಬೆಳಗ್ಗೆ

ಬಟ್ಟೆ ಎರಡು ತುಂಡಿನದಿರಲಿ. ಅಂಗಿ-ಪ್ಯಾಂಟ್, ಚೂಡಿದಾರ್ ಆಗಬಹುದು. ಸೀರೆ ಅಥವಾ ನೈಟಿ ಉಟ್ಟರೆ ಬೆಲ್ಟ್ ಕಟ್ಟುವುದೂ ಕಷ್ಟ, ಶೌಚಕ್ಕೆ ಹೋಗುವುದೂ ಕಷ್ಟ. ಹೊಟ್ಟೆಗೆ ಎಣ್ಣೆ, ಪೌಡರ್, ಕ್ರೀಮ್ ಹಚ್ಚಬೇಡಿ. ಕೆಲವು ಕಡೆ ಚರ್ಮಕ್ಕೆ ಅಂಟಿಸುವ ಸೆನ್ಸರ್ ಹಾಕುತ್ತಾರೆ, ಕೆಲವು ಕಡೆ ತೆಳು ಬನಿಯನ್ ಮೇಲೆ ಕಟ್ಟುವ ಬೆಲ್ಟ್. ಭುಜಕ್ಕೆ ಅಥವಾ ಸೊಂಟಕ್ಕೆ ರೆಕಾರ್ಡರ್ ತೂಗುತ್ತದೆ. ಗುಳ್ಳೆ ಒಡೆಯಲು ಸಿಮೆಥಿಕೋನ್ ಅನ್ನುವ ಔಷಧಿ ಕುಡಿಸುತ್ತಾರೆ.

ಕ್ಯಾಪ್ಸೂಲ್ ಸುಮಾರು 26 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ದಪ್ಪ, ತೂಕ 4 ಗ್ರಾಂ ಒಳಗೆ. ಡಬ್ಬಿಯಲ್ಲಿ ಅದನ್ನು ಅಯಸ್ಕಾಂತ ಮಲಗಿಸಿರುತ್ತದೆ. ಡಬ್ಬಿಯಿಂದ ಎತ್ತಿದ ಕೂಡಲೇ ಎಚ್ಚರವಾಗಿ, ಒಂದು ತುದಿಯಲ್ಲಿ ಬಿಳಿ ಬೆಳಕು ಪಕಪಕ ಮಿನುಗಲು ಶುರು. ಹಿಡಿದ ನರ್ಸ್ ಬೆರಳೂ ಮಿನುಗುತ್ತದೆ. ನೀರಿನ ಜೊತೆ ನುಂಗಿ. ಜಗಿಯಬೇಡಿ. ಮೇಲ್ಮೈ ನುಣುಪಾಗಿರುವುದರಿಂದ ನೋಡಿದಾಗ ಆಗುವಷ್ಟು ಭಯ ನುಂಗುವಾಗ ಆಗುವುದಿಲ್ಲ. ಒಳಗೆ ಹೋದಮೇಲೆ ಏನೂ ಗೊತ್ತಾಗುವುದಿಲ್ಲ.

ಇದರ ಮೂಲ ಇಸ್ರೇಲಿನದು. ರಫಾಯೆಲ್ ಅನ್ನುವ ರಕ್ಷಣಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಗೇವ್ರಿಯಲ್ ಇಡ್ಡಾನ್‌ಗೆ, ಸಣ್ಣ ಕರುಳು ನೋಡಲು ದಾರಿಯಿಲ್ಲ ಅಂತ ಡಾಕ್ಟರ್ ಗೆಳೆಯರೊಬ್ಬರು ಹೇಳಿದ್ದೇ ತಲೆಯಲ್ಲಿ ಹುಳ ಬಿಟ್ಟಿತು. ಲಂಡನ್ನಿನ ಡಾಕ್ಟರ್ ಪಾಲ್ ಸ್ವೇನ್ ಬೇರೆಯಾಗಿ ಇದೇ ಪ್ರಯತ್ನದಲ್ಲಿದ್ದರು, ಇಬ್ಬರೂ ಕೈಜೋಡಿಸಿದರು. 1999ರಲ್ಲಿ ಸ್ವೇನ್ ತಾವೇ ಒಂದು ಕ್ಯಾಪ್ಸೂಲ್ ನುಂಗಿ ನೋಡಿದರು. 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿಷಯ ಪ್ರಕಟವಾಯಿತು, 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಪಿಲ್‌ಕ್ಯಾಮ್ ಅಂತ ಈಗ ಕೇಳುವ ಹೆಸರು ಅದೇ ಕುಟುಂಬದ್ದು. ಒಲಿಂಪಸ್, ಕೊರಿಯಾದ ಮೈರೋಕ್ಯಾಮ್, ಚೀನಾದ ಕಂಪನಿಗಳ ಕ್ಯಾಪ್ಸೂಲ್‌ಗಳೂ ಬಂದಿವೆ.

ಬೆಲ್ಟ್ ಕಟ್ಟಿಕೊಂಡಿರುವ ಎಂಟು ಗಂಟೆ

ಮೊದಲ ಎರಡು ಗಂಟೆ ಏನೂ ಬೇಡ. ಆಮೇಲೆ ತಿಳಿ ದ್ರವ, ನಾಲ್ಕು ಗಂಟೆ ಆದಮೇಲೆ ಸ್ವಲ್ಪ ತಿಂಡಿ, ಇದು ಸಾಮಾನ್ಯ ಕ್ರಮ. ನಿಮ್ಮ ಆಸ್ಪತ್ರೆ ಬೇರೆ ಹೇಳಿದರೆ ಅದನ್ನೇ ಪಾಲಿಸಿ. ಒಂದೆರಡು ಗಂಟೆಯಲ್ಲಿ ಚಿಕ್ಕ ಪರದೆಯಲ್ಲಿ ಕ್ಯಾಪ್ಸೂಲ್ ಜಠರ ದಾಟಿದೆಯಾ ಅಂತ ನೋಡುವ ವ್ಯವಸ್ಥೆ ಕೆಲವು ಕಡೆ ಇದೆ. ಅಲ್ಲೇ ಕೂತಿದ್ದರೆ ಮುಂದೆ ತಳ್ಳುವ ಔಷಧಿ ಕೊಡುತ್ತಾರೆ, ಇಲ್ಲವೇ ಎಂಡೋಸ್ಕೋಪ್‌ನಿಂದ ದಾಟಿಸುತ್ತಾರೆ. ಹಾಗೆ ನೋಡುತ್ತಾರಾ ಅಂತ ಕೇಳಿ. ಜಠರದಲ್ಲೇ ಅರ್ಧ ದಿನ ಕಳೆದರೆ ಕರುಳಿನ ಕೊನೆ ಮುಟ್ಟುವ ಮೊದಲೇ ಬ್ಯಾಟರಿ ಮುಗಿಯುತ್ತದೆ. ಸಾಮಾನ್ಯ ಬ್ಯಾಟರಿ 8ರಿಂದ 12 ಗಂಟೆ.

ಮಲಗಿಬಿಡಬೇಡಿ, ಓಡಾಡಿಕೊಂಡಿರಿ. ಆಫೀಸಿನ ಕುರ್ಚಿ ಕೆಲಸ ಮಾಡಬಹುದು. ಭಾರ ಎತ್ತುವುದು, ಜಿಮ್, ಬಗ್ಗಿ ಎದ್ದು ಮಾಡುವ ಕೆಲಸ ಬೇಡ, ಬೆಲ್ಟ್ ಸರಿದುಹೋಗುತ್ತದೆ. ರೆಕಾರ್ಡರ್‌ನ ದೀಪ ಮಿನುಗುತ್ತಿದೆಯಾ ಅಂತ ಆಗಾಗ ನೋಡಿಕೊಳ್ಳಿ, ನಿಂತರೆ ಫೋನ್ ಮಾಡಿ. ಕ್ಯಾಪ್ಸೂಲ್ ನುಂಗಿದ ಇನ್ನೊಬ್ಬರ ಪಕ್ಕದಲ್ಲಿ ಕೂರಬೇಡಿ, ಅವರ ಚಿತ್ರ ನಿಮ್ಮ ಪೆಟ್ಟಿಗೆಗೆ ಬಂದೀತು. ಎಂಆರ್‌ಐ ಯಂತ್ರದ ಹತ್ತಿರವೂ ಸುಳಿಯಬೇಡಿ. ಹೊಟ್ಟೆನೋವು, ವಾಂತಿ, ಎದೆಯಲ್ಲಿ ನೋವು ಬಂದರೆ ತಕ್ಷಣ ತಿಳಿಸಿ.

ಹೊರಗೆ ಬಂದಿತಾ?

ಬಹುತೇಕರಿಗೆ ಒಂದರಿಂದ ಮೂರು ದಿನದಲ್ಲಿ ಬಂದಿರುತ್ತದೆ. ಎಷ್ಟೋ ಜನ ನೋಡುವುದೇ ಇಲ್ಲ. ರೇಡಿಯೋ ಮೂಲಕ ಚಿತ್ರ ಕಳಿಸುವ ಕ್ಯಾಪ್ಸೂಲ್ ಆದರೆ ಹುಡುಕಿ ತರುವ ಅಗತ್ಯವಿಲ್ಲ. ಚಿತ್ರಗಳು ರೆಕಾರ್ಡರ್‌ನಲ್ಲಿ ಸೇರಿಯಾಗಿರುತ್ತವೆ. ಕ್ಯಾಪ್ಸೋಕ್ಯಾಮ್‌ನಂಥ ಕೆಲವು ಮಾತ್ರ ಚಿತ್ರಗಳನ್ನು ತಮ್ಮೊಳಗೇ ಇಟ್ಟುಕೊಳ್ಳುತ್ತವೆ, ಅವನ್ನು ಹಿಡಿದು ಕೊಡಲೇಬೇಕು. ಅದಕ್ಕೆ ಅಯಸ್ಕಾಂತದ ಕೋಲು, ಡಬ್ಬಿ ಕೊಟ್ಟು ಕಳಿಸುತ್ತಾರೆ.

ದೊಡ್ಡ ಕರುಳು ಮುಟ್ಟಿದ್ದು ವಿಡಿಯೋದಲ್ಲೇ ಕಂಡಿದ್ದರೆ ಚಿಂತೆ ಬೇಡ. ಅದು ಕಾಣದೆ, ಹೊರಬಂದದ್ದನ್ನೂ ನೋಡದೆ ಎರಡು ವಾರವಾದರೆ ಹೊಟ್ಟೆಯ ಎಕ್ಸ್‌ರೇ ತೆಗೆಸಬೇಕು. ಅಲ್ಲಿಯವರೆಗೆ ಯಾವ ಕಾರಣಕ್ಕೂ ಎಂಆರ್‌ಐ ಬೇಡ. ಬೇರೆ ಆಸ್ಪತ್ರೆಗೆ ಹೋದರೂ ಕ್ಯಾಪ್ಸೂಲ್ ನುಂಗಿರುವುದನ್ನು ಹೇಳಿ. ಸಿಕ್ಕಿಕೊಂಡರೂ ಬಹಳ ಜನರಿಗೆ ನೋವು ಇರುವುದಿಲ್ಲ, ಕೆಲವರಿಗೆ ಕಾಯಿಲೆಯ ಔಷಧಿಯಿಂದಲೇ ದಾರಿ ಬಿಡುತ್ತದೆ. ಇಲ್ಲವಾದರೆ ಸಣ್ಣ ಕರುಳಿನ ಆಳಕ್ಕೆ ಉದ್ದ ಪೈಪ್ ಕಳಿಸುವ ಬಲೂನ್ ಎಂಟೆರೋಸ್ಕೋಪಿಯಿಂದ ಅಥವಾ ಆಪರೇಷನ್ ಮಾಡಿ ತೆಗೆಯುತ್ತಾರೆ. ಸಿಕ್ಕಿಕೊಂಡ ಜಾಗದಲ್ಲೇ ಎಷ್ಟೋ ಸಲ ಕಾಯಿಲೆಯೂ ಇರುತ್ತದೆ ಅನ್ನುವುದು ನಿಜ.

ರಿಪೋರ್ಟ್ ಕೈಗೆ ಬಂದಾಗ

ಸುಮಾರು 50 ಸಾವಿರ ಚಿತ್ರ. ಡಾಕ್ಟರ್ ಅದನ್ನು ಒಂದು ಗಂಟೆಯಷ್ಟು ಹೊತ್ತು ಕೂತು ನೋಡಬೇಕು, ಹಾಗಾಗಿ ರಿಪೋರ್ಟ್ ಅದೇ ಸಂಜೆ ಸಿಗದಿದ್ದರೆ ಗಲಾಟೆ ಬೇಡ. ಆರೋಗ್ಯವಾದ ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲ್ಲಿನ ಹಾಗೆ ಸಣ್ಣ ಎಳೆಗಳಿಂದ ತುಂಬಿರುತ್ತದೆ. ಅದರ ಮಧ್ಯೆ ಕೆಂಪು ಚುಕ್ಕೆ, ಬಿಳಿ ತಳದ ಹುಣ್ಣು, ಎಳೆ ಬೋಳಾದ ಜಾಗ, ಉಬ್ಬು ಇವನ್ನು ಹುಡುಕುತ್ತಾರೆ.

ರಕ್ತಸ್ರಾವಕ್ಕೆ ಮಾಡಿಸಿದ್ದರೆ ಪಿ0, ಪಿ1, ಪಿ2 ಅಂತ ಬರೆದಿರಬಹುದು. ಪಿ0 ಅಂದರೆ ಅದರಿಂದ ರಕ್ತ ಬರುವ ಸಾಧ್ಯತೆ ಇಲ್ಲ, ಪಿ1 ಅಂದರೆ ಹೇಳಲಾಗದು, ಪಿ2 ಅಂದರೆ ಸಾಧ್ಯತೆ ಜಾಸ್ತಿ. ಆಂಜಿಯೋಡಿಸ್ಪ್ಲೇಸಿಯಾ ಅಂತ ಇದ್ದರೆ ದುರ್ಬಲವಾಗಿ ಹಿಗ್ಗಿದ ಪುಟ್ಟ ರಕ್ತನಾಳ, ವಯಸ್ಸಾದವರಲ್ಲಿ ಸಾಮಾನ್ಯ. ಊತ-ಹುಣ್ಣು ಅಳೆಯಲು ಲೂಯಿಸ್ ಸ್ಕೋರ್ ಕೊಡುತ್ತಾರೆ: 135ಕ್ಕಿಂತ ಕಡಿಮೆ ಇದ್ದರೆ ಊತ ಇಲ್ಲದ ಲೆಕ್ಕ, 790 ದಾಟಿದರೆ ಜಾಸ್ತಿ. ದೊಡ್ಡ ಕರುಳು ಮುಟ್ಟಿತಾ, ಎಷ್ಟು ಶುಚಿಯಾಗಿತ್ತು ಅನ್ನುವ ಎರಡು ಸಾಲನ್ನು ಮೊದಲು ಓದಿ. ‘ಏನೂ ಕಾಣಲಿಲ್ಲ’ ಅನ್ನುವ ಮಾತಿಗೆ ಎಷ್ಟು ಬೆಲೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಮಿತಿ ನಮ್ಮವರಿಗೆ ಮುಖ್ಯ. ಕ್ಯಾಪ್ಸೂಲ್ ನೋಡುತ್ತದೆ ಅಷ್ಟೇ, ತುಣುಕು ತೆಗೆದು ಕೊಡುವುದಿಲ್ಲ, ರಕ್ತ ನಿಲ್ಲಿಸುವುದೂ ಇಲ್ಲ. ಕ್ರೋನ್ಸ್ ಹುಣ್ಣು, ಟಿಬಿ ಹುಣ್ಣು ಫೋಟೋದಲ್ಲಿ ಒಂದೇ ಥರ ಕಾಣಬಹುದು, ಔಷಧಿ ಮಾತ್ರ ಪೂರ್ತಿ ಬೇರೆ. ಕ್ರೋನ್ಸ್‌ಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ, ಟಿಬಿಗೆ ಅದನ್ನು ಕೊಟ್ಟರೆ ಕಾಯಿಲೆ ಕೆರಳುತ್ತದೆ. ಹಾಗಾಗಿ ಬರೀ ಕ್ಯಾಪ್ಸೂಲ್ ಚಿತ್ರದ ಮೇಲೆ ದೊಡ್ಡ ಔಷಧಿ ಶುರುಮಾಡುವುದಾದರೆ ‘ಬಯಾಪ್ಸಿ ಬೇಡವಾ’ ಅಂತ ಕೇಳಿ. ತುಣುಕು ತೆಗೆಯಲು, ರಕ್ತನಾಳ ಸುಡಲು ಬಲೂನ್ ಎಂಟೆರೋಸ್ಕೋಪಿ ಇದೆ. ಜಪಾನಿನ ಡಾಕ್ಟರ್ ಹಿರೊನೊರಿ ಯಾಮಾಮೊಟೊ ರೂಪಿಸಿದ ವಿಧಾನ ಅದು. ಬಾಯಿಂದ ಹೋಗಬೇಕೋ ಕೆಳಗಿನಿಂದ ಹೋಗಬೇಕೋ ಅಂತ ತೀರ್ಮಾನಿಸಲು ಕ್ಯಾಪ್ಸೂಲ್ ರಿಪೋರ್ಟೇ ದಾರಿ ತೋರಿಸುತ್ತದೆ.

ದೊಡ್ಡ ಕರುಳಿಗೂ ಎರಡು ಕಣ್ಣಿನ ಕ್ಯಾಪ್ಸೂಲ್ ಇದೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 2021ರಲ್ಲಿ ಕೊಲೊನೋಸ್ಕೋಪಿಯ ಸರದಿ ತಗ್ಗಿಸಲು ಅದನ್ನು ಪ್ರಯೋಗಕ್ಕೆ ಇಳಿಸಿತು. ಗಂಟು ಕಂಡರೆ ತೆಗೆಯಲು ಹೇಗಿದ್ದರೂ ಕೊಲೊನೋಸ್ಕೋಪಿ ಬೇಕೇ ಬೇಕು.

ರಿಪೋರ್ಟ್ ನಾರ್ಮಲ್ ಬಂದು ಹಿಮೋಗ್ಲೋಬಿನ್ ನಿಂತರೆ ಸದ್ಯಕ್ಕೆ ಸಾಕು. ಮತ್ತೆ ಮಲ ಕಪ್ಪಾದರೆ, ಹಿಮೋಗ್ಲೋಬಿನ್ ಜೋರಾಗಿ ಕುಸಿದರೆ ಇನ್ನೊಮ್ಮೆ ಕ್ಯಾಪ್ಸೂಲ್ ನುಂಗಿಸುವುದೂ ಉಂಟು. ಬೇರೆ ಡಾಕ್ಟರ್ ಹತ್ತಿರ ಹೋಗಬೇಕಾಗಿ ಬಂದಾಗ ನಾಲ್ಕು ಫೋಟೋ ಅಂಟಿಸಿದ ಎರಡು ಪುಟದ ರಿಪೋರ್ಟ್ ಸಾಲುವುದಿಲ್ಲ. ಪೂರ್ತಿ ವಿಡಿಯೋವನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ, ಬಿಲ್ ಕಟ್ಟುವಾಗಲೇ ಕೇಳಿ. ಮೂರು ತಿಂಗಳು ಬಿಟ್ಟು ಹೋದರೆ ಫೈಲ್ ಅಳಿಸಿದ್ದೇವೆ ಅಂದರೂ ಅನ್ನಬಹುದು.